ಪೇಂಟ್‌ಬಾಲ್ ಗನ್ನಿನ ಗ್ಯಾಸ್ ಒತ್ತಡ ಕೈಕೊಟ್ಟಾಗ: ಸ್ಕ್ರೂ ತಿರುಗಿಸುವ ಮೊದಲು ನೋಡಬೇಕಾದ್ದೆಲ್ಲ

ಗ್ಯಾಸಿನ ಬಲದಲ್ಲಿ ಬಣ್ಣದ ಬಾಲ್ ಹೊಡೆಯುವ ಪೇಂಟ್‌ಬಾಲ್ ಗನ್ನು ಸರಿಯಾಗಿ ಹೊಡೆಯುತ್ತಿಲ್ಲ ಎಂದು ಯಾರಾದರೂ ತಂದಿಟ್ಟರೆ ಹೊಸಬರ ಕೈ ಮೊದಲು ಹೋಗುವುದು ಅಲೆನ್ ಕೀ ಕಡೆಗೆ. ವೆಲಾಸಿಟಿ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರಾಯಿತು, ಬಾಲ್ ಜೋರಾಗಿ ಹೋಗುತ್ತದೆ, ಆಟ ಮುಂದುವರಿಯುತ್ತದೆ. ಬೆಂಗಳೂರಿನ ಹೊರವಲಯದ ಒಂದು ಮೈದಾನದಲ್ಲಿ ಬಾಡಿಗೆ ಗನ್ನುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ 235 ಎಫ್‌ಪಿಎಸ್‌ಗೆ (ಬಾಲಿನ ವೇಗ, ಸೆಕೆಂಡಿಗೆ ಇಷ್ಟು ಅಡಿ) ಇಳಿದಿದ್ದ ಗನ್ನನ್ನು ಸ್ಕ್ರೂ ತಿರುಗಿಸಿ 280ಕ್ಕೆ ತಂದೆ. ಮಧ್ಯಾಹ್ನ ಬೇರೆ ಬಾಟಲಿ ಹಾಕಿದ ಮೇಲೆ ಅನುಮಾನ ಬಂದು, ವೇಗ ಅಳೆಯುವ ಕ್ರೋನೋ ಮುಂದೆ ಹಿಡಿದರೆ 331 ತೋರಿಸಿತು. ದೋಷ ಇದ್ದದ್ದು ಬೆಳಗಿನ ಬಾಟಲಿಯ ರೆಗ್ಯುಲೇಟರಿನಲ್ಲಿ, ಗನ್ನಿನಲ್ಲಿ ಏನೂ ಇರಲಿಲ್ಲ. ಆ ಗನ್ನು ಇನ್ನೈದು ನಿಮಿಷದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನ ಕೈಗೆ ಹೋಗುವುದಿತ್ತು.

ಅವತ್ತಿನಿಂದ ನನ್ನದು ಒಂದೇ ಹಟ: ದೋಷ ಎಲ್ಲಿದೆ ಎಂದು ಗೊತ್ತಾಗುವ ತನಕ ಸ್ಕ್ರೂ ಮುಟ್ಟಬಾರದು. ಗ್ಯಾಸು ಬಾಟಲಿಯಿಂದ ಬ್ಯಾರಲ್‌ಗೆ ಬರುವ ದಾರಿಯಲ್ಲೇ ನಾವೂ ಹೆಜ್ಜೆ ಹಾಕಿ, ಒಂದೊಂದೇ ಜಾಗವನ್ನು ಅಳೆದು, ಕೇಳಿ, ನೋಡಿ ಮುಂದೆ ಹೋಗಬೇಕು. ಈ ಬರಹ ಆ ಕ್ರಮದಲ್ಲೇ ಇದೆ.

ಗ್ಯಾಸು ಬರುವ ದಾರಿ

ಬಾಟಲಿಯಲ್ಲಿ ಇರುವುದು ಎರಡರಲ್ಲಿ ಒಂದು. ಒಂದು, ಒತ್ತಿ ತುಂಬಿದ ಗಾಳಿ. ಆಟಗಾರರು ಎಚ್‌ಪಿಎ ಎನ್ನುತ್ತಾರೆ. 3000 ಇಲ್ಲವೇ 4500 ಪಿಎಸ್‌ಐ (ಒತ್ತಡದ ಅಳತೆ, ಚದರ ಇಂಚಿಗೆ ಇಷ್ಟು ಪೌಂಡ್) ತನಕ ತುಂಬುವ ಬಾಟಲಿಗಳಿವು. ಕುತ್ತಿಗೆಯಲ್ಲಿ ಕೂತ ರೆಗ್ಯುಲೇಟರ್ ಈ ಒತ್ತಡವನ್ನು ಇಳಿಸಿ ಸಾಮಾನ್ಯವಾಗಿ 800 ಪಿಎಸ್‌ಐ ಆಸುಪಾಸಿನಲ್ಲಿ ಗನ್ನಿಗೆ ಕೊಡುತ್ತದೆ. 450 ಅಥವಾ 300 ಕೊಡುವ ರೆಗ್ಯುಲೇಟರುಗಳೂ ಇವೆ. ಇನ್ನೊಂದು, ಕಾರ್ಬನ್ ಡೈಆಕ್ಸೈಡ್. ಇದು ಬಾಟಲಿಯೊಳಗೆ ದ್ರವವಾಗಿರುತ್ತದೆ, ಅದರ ಮೇಲಿನ ಆವಿಯೇ ಗನ್ನಿಗೆ ಬರುವ ಗ್ಯಾಸು. ಇಲ್ಲಿ ಸಾಮಾನ್ಯವಾಗಿ ರೆಗ್ಯುಲೇಟರ್ ಇರುವುದಿಲ್ಲ, ಒತ್ತಡ ಎಷ್ಟಿರಬೇಕೆಂದು ಹವೆಯೇ ತೀರ್ಮಾನಿಸುತ್ತದೆ.

ಬಾಟಲಿ ತಿರುಪಿ ಕೂರುವ ಜಾಗಕ್ಕೆ ಎಎಸ್‌ಎ ಎಂದು ಹೆಸರು. ಅದರೊಳಗಿನ ಒಂದು ಮೊಳೆ ಬಾಟಲಿಯ ಪಿನ್ನನ್ನು ಒತ್ತಿದಾಗ ಗ್ಯಾಸು ಬಿಡುಗಡೆಯಾಗುತ್ತದೆ. ಅಲ್ಲಿಂದ ಪೈಪು, ಕೆಲವು ಗನ್ನುಗಳಲ್ಲಿ ಎರಡನೆಯ ರೆಗ್ಯುಲೇಟರು, ಆಮೇಲೆ ವಾಲ್ವ್. ಟಿಪ್‌ಮನ್ 98ರಂಥ ಬಾಡಿಗೆ ಗನ್ನುಗಳಲ್ಲಿ ಟ್ರಿಗರ್ ಒತ್ತಿದಾಗ ಹ್ಯಾಮರ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಹೊರಬಂದ ಗ್ಯಾಸಿನ ಒಂದು ಪಾಲು ಬಾಲನ್ನು ಮುಂದಕ್ಕೆ ತಳ್ಳುತ್ತದೆ, ಇನ್ನೊಂದು ಪಾಲು ಹ್ಯಾಮರನ್ನು ಹಿಂದಕ್ಕೆ ತಳ್ಳಿ ಮುಂದಿನ ಹೊಡೆತಕ್ಕೆ ಸಜ್ಜು ಮಾಡುತ್ತದೆ. ಈ ಎರಡು ಪಾಲಿನ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬಾಲ್ 0.68 ಇಂಚಿನದು, ತೂಕ ಸುಮಾರು 3 ಗ್ರಾಂ. 300 ಎಫ್‌ಪಿಎಸ್ ಎಂದರೆ ಸೆಕೆಂಡಿಗೆ 91 ಮೀಟರ್. ಆಟದಲ್ಲಿ ಇದೇ ಮೇಲ್ಮಿತಿ, ಬಹಳ ಕಡೆ ಮೈದಾನದವರೇ 280ಕ್ಕೆ ನಿಲ್ಲಿಸಿಕೊಳ್ಳುತ್ತಾರೆ.

ಕೈ ಹಾಕುವ ಮೊದಲು

ಕನ್ನಡಕವಲ್ಲ, ಪೇಂಟ್‌ಬಾಲ್ ಮಾಸ್ಕನ್ನೇ ಹಾಕಿಕೊಳ್ಳಿ. ರಿಪೇರಿ ಮೇಜಿನ ಹತ್ತಿರ ನಿಂತು ನೋಡುವವರಿಗೂ ಮಾಸ್ಕ್ ಬೇಕು. ಬಾಲ್ ತುಂಬಿಡುವ ಹಾಪರ್ ತೆಗೆಯಿರಿ, ಒಳಗೆ ಉಳಿದ ಬಾಲನ್ನು ಹೊಡೆದು ಖಾಲಿ ಮಾಡಿ, ಬ್ಯಾರಲ್‌ಗೆ ಬಟ್ಟೆಯ ಚೀಲ ತೊಡಿಸಿ. ಲೀಕ್ ಹುಡುಕಲು ಬ್ಯಾರಲ್ ಬಾಯಿಗೆ ಕಣ್ಣಿಟ್ಟು ನೋಡುವುದು ಬೇಡವೇ ಬೇಡ.

ಬಾಟಲಿ ಬಿಚ್ಚುವುದಕ್ಕೂ ಒಂದು ರೀತಿ ಇದೆ. ಮೆಲ್ಲಗೆ ತಿರುಗಿಸಿ. ಸುಮಾರು ಮುಕ್ಕಾಲು ಸುತ್ತಿಗೆ ಪಿನ್ನು ಮುಚ್ಚಿಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ, ಗನ್ನಿನ ಮೂತಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಒಳಗೆ ಉಳಿದ ಗ್ಯಾಸು ಮುಗಿಯುವ ತನಕ ಖಾಲಿ ಹೊಡೆಯಿರಿ. ಟಪ್ ಟಪ್ ಶಬ್ದ ಸೋತು ನಿಂತ ಮೇಲೆ ಪೂರ್ತಿ ಬಿಚ್ಚಿ. ಒಳಗೆ ಒತ್ತಡ ಇರುವಾಗಲೇ ಬಾಟಲಿ ಕಿತ್ತರೆ, ಗ್ಯಾಸು ಸೋರದಂತೆ ಸಂದು ಮುಚ್ಚುವ ಓ-ರಿಂಗ್ ಹರಿದು ಹೋಗುತ್ತದೆ. ಬಾಟಲಿಯ ಓ-ರಿಂಗ್ ವಾರಕ್ಕೊಂದು ಹಾಳಾಗುತ್ತಿದೆ ಎನ್ನುವವರು ಸಾಮಾನ್ಯವಾಗಿ ಇದನ್ನೇ ಮಾಡುತ್ತಿರುತ್ತಾರೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಬಾಟಲಿಯೇ ಬೇರೆ, ಅದರ ತಲೆಗೆ ಕೂರಿಸಿದ ವಾಲ್ವೇ ಬೇರೆ. ನೀವು ಬಾಟಲಿ ತಿರುಗಿಸಿದಾಗ ಗನ್ನಿನಿಂದ ವಾಲ್ವ್ ಬಿಚ್ಚಿಕೊಳ್ಳಬೇಕು. ಆದರೆ ವಾಲ್ವ್ ಗನ್ನಿಗೇ ಕಚ್ಚಿ ನಿಂತು, ಬಾಟಲಿ ಮಾತ್ರ ವಾಲ್ವಿನಿಂದ ಬಿಚ್ಚಿಕೊಳ್ಳುತ್ತಾ ಬಂದರೆ ಕೊನೆಯ ಸುತ್ತಿಗೆ ಅದು ರಾಕೆಟ್ಟಿನಂತೆ ಹಾರುತ್ತದೆ. ಅಮೆರಿಕದಲ್ಲಿ ಹೀಗೆ ಪ್ರಾಣಗಳೇ ಹೋಗಿವೆ. ಇದಕ್ಕೆ ಉಪಾಯ ತೀರಾ ಸರಳ. ಮನೆಯಲ್ಲಿರುವ ಕೆಂಪು ನೈಲ್ ಪಾಲಿಶ್ ತನ್ನಿ. ವಾಲ್ವಿನ ಮೇಲಿಂದ ಬಾಟಲಿಯ ಕುತ್ತಿಗೆಯ ಮೇಲೆ ಬರುವ ಹಾಗೆ ಒಂದು ನೇರ ಗೆರೆ ಎಳೆಯಿರಿ. ಒಣಗಿದ ಮೇಲೆ ಪ್ರತಿ ಸಲ ಬಾಟಲಿ ಬಿಚ್ಚುವಾಗಲೂ ಕಣ್ಣು ಆ ಗೆರೆಯ ಮೇಲಿರಲಿ. ಗೆರೆಯ ಎರಡು ತುಂಡು ಒಟ್ಟಿಗೆ ತಿರುಗಿದರೆ ಸರಿ. ತುಂಡು ಪಕ್ಕಕ್ಕೆ ಸರಿದು ನಡುವೆ ಕೂದಲೆಳೆಯಷ್ಟು ಬಿರುಕು ಕಂಡರೂ ಅಲ್ಲೇ ನಿಲ್ಲಿಸಿ, ಮರಳಿ ಬಿಗಿ ಮಾಡಿ, ಗ್ಯಾಸನ್ನು ಗನ್ನಿನ ಮೂಲಕವೇ ಹೊಡೆದು ಖಾಲಿ ಮಾಡಿ, ಆ ಬಾಟಲಿಯನ್ನು ಬಲ್ಲವರ ಕೈಗೆ ಒಪ್ಪಿಸಿ. ನಮ್ಮಲ್ಲಿ ಗೆರೆಯಿಲ್ಲದ ಬಾಟಲಿ ಮೈದಾನಕ್ಕೆ ಹೋಗುವುದಿಲ್ಲ.

ಮೊದಲ ಹೆಜ್ಜೆ: ಬಾಟಲಿ ಅದಲುಬದಲು

ಯಾವ ಉಪಕರಣವೂ ಬೇಡದ ಪರೀಕ್ಷೆ ಇದು, ಅರ್ಧಕ್ಕರ್ಧ ಕೆಲಸವನ್ನು ಇದೇ ಮುಗಿಸುತ್ತದೆ. ತೊಂದರೆ ಕೊಡುವ ಗನ್ನಿಗೆ ಚೆನ್ನಾಗಿರುವ ಬಾಟಲಿ ಹಾಕಿ ನೋಡಿ. ಅದರ ಬಾಟಲಿಯನ್ನು ಚೆನ್ನಾಗಿರುವ ಗನ್ನಿಗೆ ಹಾಕಿ ನೋಡಿ. ತೊಂದರೆ ಬಾಟಲಿಯ ಹಿಂದೆ ಹೋಯಿತೋ, ಗನ್ನಿನಲ್ಲೇ ಉಳಿಯಿತೋ? ಬಾಟಲಿಯ ಹಿಂದೆ ಹೋದರೆ ಗನ್ನು ಬಿಚ್ಚುವ ಕೆಲಸವೇ ಇಲ್ಲ. ನಾನು ಆ ಭಾನುವಾರ ಇಷ್ಟು ಮಾಡಿದ್ದರೆ ಸಾಕಿತ್ತು.

ಎರಡೂ ಕಡೆ ಸರಿ, ಇವೆರಡು ಜೊತೆಗೂಡಿದಾಗ ಮಾತ್ರ ತೊಂದರೆ ಎಂದಾದರೆ ಅನುಮಾನ ಪಿನ್ನಿನ ಮೇಲೆ. ಬಾಟಲಿಯ ಪಿನ್ನುಗಳ ಉದ್ದ ಎಲ್ಲವೂ ಒಂದೇ ಸಮ ಇರುವುದಿಲ್ಲ, ಎಎಸ್‌ಎ ಒಳಗಿನ ಮೊಳೆಯೂ ಸವೆಯುತ್ತದೆ. ಪಿನ್ನು ಪೂರ್ತಿ ಒತ್ತದಿದ್ದರೆ ಗ್ಯಾಸು ಬರುತ್ತದೆ, ಆದರೆ ಸಣ್ಣಗೆ ಬರುತ್ತದೆ. ನಿಧಾನಕ್ಕೆ ಒಂದೊಂದೇ ಹೊಡೆದರೆ ಎಲ್ಲ ಸರಿ ಇದೆ ಅನಿಸುತ್ತದೆ, ಜೋರಾಗಿ ಹೊಡೆದರೆ ಮೂರನೆಯ ಬಾಲಿಗೆ ಗನ್ನು ಸೋಲುತ್ತದೆ.

ಎರಡನೆಯ ಹೆಜ್ಜೆ: ಬಾಟಲಿಯನ್ನೇ ನೋಡಿ

ಗಾಳಿ ಬಾಟಲಿಯ ಗೇಜ್ ಎಷ್ಟಿದೆ? 800 ಕೊಡಬೇಕಾದ ರೆಗ್ಯುಲೇಟರಿನ ಹಿಂದೆ ಉಳಿದಿರುವುದೇ 600 ಆದರೆ ಗನ್ನು ಸೋಲುವುದು ನ್ಯಾಯವೇ. ಬಾಟಲಿ ಖಾಲಿ ಎಂದು ಗನ್ನು ಹೇಳುತ್ತಿದೆ, ಅಷ್ಟೇ.

‘ಬೆಳಿಗ್ಗೆ 4500 ತುಂಬಿಸಿದ್ದೆ, ಹತ್ತು ಗಂಟೆಗೆ 4000 ಇದೆ, ಲೀಕ್ ಇದೆ ಸಾರ್’ ಎನ್ನುವುದು ಪ್ರತಿ ವಾರದ ದೂರು. ಬಾಟಲಿಯನ್ನು ಗಡಿಬಿಡಿಯಲ್ಲಿ ತುಂಬಿದರೆ ಒಳಗಿನ ಗಾಳಿ ಕಾಯುತ್ತದೆ. ಕಾದ ಗಾಳಿ 60 ಡಿಗ್ರಿಯಲ್ಲಿ 4500 ತೋರಿಸಿದ್ದರೆ, ತಣ್ಣಗಾಗಿ 25ಕ್ಕೆ ಬಂದಾಗ 4000ದ ಹತ್ತಿರ ನಿಲ್ಲುತ್ತದೆ. ಒಂದು ತೊಟ್ಟು ಗಾಳಿಯೂ ಹೊರಗೆ ಹೋಗಿರುವುದಿಲ್ಲ. ನಿಧಾನವಾಗಿ ತುಂಬಿಸಿ, ತಣ್ಣಗಾದ ಮೇಲೆ ಗೇಜ್ ಬರೆದುಕೊಳ್ಳಿ, ಆಮೇಲೆ ಲೀಕಿನ ಮಾತಾಡೋಣ.

ನಿಜವಾದ ಲೀಕ್ ಹುಡುಕಲು ಬಕೆಟ್ ನೀರು ಸಾಕು. ಗನ್ನಿನಿಂದ ಬಿಚ್ಚಿದ ಗಾಳಿ ಬಾಟಲಿಯ ತಲೆಯನ್ನು ನೀರಲ್ಲಿ ಮುಳುಗಿಸಿ ಒಂದು ನಿಮಿಷ ಹಿಡಿಯಿರಿ. ಗುಳ್ಳೆ ಎಲ್ಲಿಂದ ಏಳುತ್ತದೆ ಎನ್ನುವುದರಲ್ಲೇ ಉತ್ತರ ಇದೆ. ತುಂಬಿಸುವ ನಿಪ್ಪಲ್‌ನಿಂದ ಬಂದರೆ ಅದರ ಒಳಗಿನ ಸೀಲಿನಲ್ಲಿ ಧೂಳು ಕೂತಿದೆ ಇಲ್ಲವೇ ಸೀಲು ಸವೆದಿದೆ. ಗೇಜಿನ ಬುಡದಿಂದ ಬಂದರೆ ಅದರ ಥ್ರೆಡ್. ರೆಗ್ಯುಲೇಟರಿನ ಮೈಮೇಲಿರುವ ಸೂಜಿಮೊನೆಯಂಥ ತೂತಿನಿಂದ ಬಂದರೆ ಒಳಗಿನ ಪಿಸ್ಟನ್ನಿನ ಓ-ರಿಂಗ್ ಹೋಗಿದೆ. ಆ ತೂತು ಇರುವುದೇ ಇದನ್ನು ಹೇಳಲಿಕ್ಕೆ, ದಯವಿಟ್ಟು ಅಂಟು ಹಾಕಿ ಮುಚ್ಚಬೇಡಿ. ಮುಳುಗಿಸಿದ ಬಾಟಲಿಯನ್ನು ಒರೆಸಿ, ನಿಪ್ಪಲ್‌ನೊಳಗೆ ನೀರಿನ ಹನಿ ಉಳಿಯದಂತೆ ಒಣಗಿಸಿಯೇ ಮತ್ತೆ ತುಂಬಿಸಬೇಕು.

ಬಾಟಲಿಯ ತಲೆಯಲ್ಲಿ ಕಾಣುವ ಸಣ್ಣ ಬೋಲ್ಟಿನಂಥವು ಬರ್ಸ್ಟ್ ಡಿಸ್ಕುಗಳು. ಒತ್ತಡ ಮಿತಿ ಮೀರಿದರೆ ಬಾಟಲಿ ಸಿಡಿಯುವ ಬದಲು ಈ ತೆಳು ತಗಡು ಹರಿದು ಗ್ಯಾಸನ್ನು ಬಿಡುತ್ತದೆ. ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದ ಹಾಗೆ. ಗಾಳಿ ಬಾಟಲಿಯ ರೆಗ್ಯುಲೇಟರಿನಲ್ಲಿ ಇಂಥವು ಎರಡು: ಬಾಟಲಿಯ ಕಡೆಗೊಂದು, ಗನ್ನಿನ ಕಡೆಗೊಂದು. 3000ದ ಬಾಟಲಿಯ ಕಡೆಯ ಡಿಸ್ಕ್ 5000ಕ್ಕೆ, 4500ರದ್ದು 7500ಕ್ಕೆ, ಗನ್ನಿನ ಕಡೆಯದು 1800ಕ್ಕೆ ಹರಿಯುವಂಥದ್ದು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಬಾರದು, ಹರಿದದ್ದನ್ನು ತಗಡು ಇಟ್ಟು ಮುಚ್ಚಬಾರದು, ಬಿಚ್ಚಿದ್ದನ್ನು ಮತ್ತೆ ಬಳಸಬಾರದು. ಗನ್ನಿನ ಕಡೆಯ ಡಿಸ್ಕ್ ಹರಿದಿದ್ದರೆ ಹೊಸದು ಹಾಕಿ ಮುಗಿಸಬೇಡಿ, ಹರಿಯುವಷ್ಟು ಒತ್ತಡ ಅಲ್ಲಿಗೆ ಹೇಗೆ ಬಂತು ಎಂದು ಕೇಳಿ. ಉತ್ತರ ಬಹುತೇಕ ರೆಗ್ಯುಲೇಟರಿನಲ್ಲಿ ಸಿಗುತ್ತದೆ.

ಬಾಟಲಿಯ ಮೇಲೆ ಒತ್ತಿದ ತಾರೀಖನ್ನೂ ಓದಿ. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು, ಫೈಬರ್ ಸುತ್ತಿದ ಹಲವು ಬಾಟಲಿಗಳ ಆಯುಸ್ಸೇ 15 ವರ್ಷ. ಭಾರತದಲ್ಲಿ ಇದು 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಅಡಿ ಬರುತ್ತದೆ, ಉಸ್ತುವಾರಿ ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೋ ಎಂಬ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯದು. ಮೈಮೇಲೆ ಆಳವಾದ ಗೀರು, ಎದ್ದ ಫೈಬರ್ ಎಳೆ, ಬೆಂಕಿಯ ಕಲೆ ಕಂಡರೆ ತಾರೀಖು ನೋಡುವ ಅಗತ್ಯವೇ ಇಲ್ಲ, ಬದಿಗಿಡಿ.

ಮೂರನೆಯ ಹೆಜ್ಜೆ: ಸುಯ್ ಎನ್ನುವ ಸದ್ದಿನ ಜಾಡು

ಬಾಟಲಿ ತಿರುಪುವಾಗ ಕ್ಷಣಕಾಲ ಸುಯ್ ಎಂದು ಸದ್ದಾಗಿ ನಿಲ್ಲುವುದು ಸಹಜ. ನಿಲ್ಲದಿದ್ದರೆ ಬಿಗಿ ಮಾಡುತ್ತಾ ಹೋಗಬೇಡಿ, ಪೈಪ್ ಸ್ಪ್ಯಾನರ್ ಅಂತೂ ತರಲೇಬೇಡಿ. ಇದು ಕೈಬಿಗಿಗೆ ನಿಲ್ಲಬೇಕಾದ ಜಾಗ. ಬಿಚ್ಚಿ, ಬಾಟಲಿಯ ಮೂತಿಯ ಓ-ರಿಂಗ್ ನೋಡಿ.

ಅಂಗಡಿಯಲ್ಲಿ ಕೇಳುವಾಗ ಇದರ ಅಳತೆ 015. ಹಳೆಯದನ್ನು ಉಗುರಿನ ಮೇಲೆ ಇಟ್ಟು ಬೆಳಕಿಗೆ ಹಿಡಿಯಿರಿ. ಇಲಿ ಕಚ್ಚಿದಂತೆ ಒಂದು ಚೂರು ಹೋಗಿದೆಯೇ? ಒಂದು ಬದಿ ಚಪ್ಪಟೆಯಾಗಿದೆಯೇ? ಎರಡು ಹೆಬ್ಬೆರಳ ನಡುವೆ ಮೆಲ್ಲಗೆ ಎಳೆದರೆ ಮೈತುಂಬ ಸಣ್ಣ ಬಿರುಕು ಕಾಣುತ್ತವೆಯೇ? ಯಾವುದು ಕಂಡರೂ ಎಸೆಯಿರಿ. ಕಪ್ಪು ನೈಟ್ರೈಲ್ ರಿಂಗು ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಊದಿಕೊಳ್ಳುತ್ತದೆ. ಆಗತಾನೇ ಬಿಚ್ಚಿದ ರಿಂಗು ತನ್ನ ಗುಂಡಿಗಿಂತ ದೊಡ್ಡದಾಗಿ ಅಂಕುಡೊಂಕಾಗಿ ಕೂತಿರುವುದನ್ನು ನೀವೂ ನೋಡಿರಬಹುದು. ಈ ಜಾಗಕ್ಕೆ 90 ಗಡಸಿನ ಯುರೇಥೇನ್ ರಿಂಗೇ ಸರಿ. ನೀರಿನ ನಲ್ಲಿಯ ವಾಶರ್, ಮನೆಯ ಗ್ಯಾಸ್ ಸಿಲಿಂಡರಿನ ವಾಶರ್ ಹೊಂದಿಸಿ ಕೂರಿಸುವುದನ್ನು ನೋಡಿದ್ದೇನೆ. ಅವು ಈ ಒತ್ತಡಕ್ಕೆ ಮಾಡಿದವಲ್ಲ.

ರಿಂಗು ಹೊಸದಾದರೂ ಸದ್ದು ಇದ್ದರೆ ಸೋಪು ನೀರು. ಒಂದು ಲೋಟ ನೀರಿಗೆ ಸ್ವಲ್ಪ ಶಾಂಪೂ, ಹಳೆಯ ಟೂತ್‌ಬ್ರಶ್. ಎಎಸ್‌ಎಯಿಂದ ಶುರು ಮಾಡಿ ಪೈಪಿನ ಎರಡೂ ತುದಿ, ರೆಗ್ಯುಲೇಟರಿನ ಸಂದು, ಗನ್ನಿನ ಮೈ, ಹೀಗೆ ಒಂದೊಂದೇ ಜಾಗಕ್ಕೆ ಸವರಿ ಕಾಯಬೇಕು. ದೊಡ್ಡ ಲೀಕ್ ನೊರೆಯನ್ನು ಹಾರಿಸಿಬಿಡುತ್ತದೆ. ಸಣ್ಣದು ಸಾಸಿವೆ ಗಾತ್ರದ ಗುಳ್ಳೆಯನ್ನು ಹತ್ತು ಸೆಕೆಂಡಿಗೊಂದರಂತೆ ಎಬ್ಬಿಸುತ್ತದೆ, ಅದಕ್ಕೆ ತಾಳ್ಮೆ ಬೇಕು. ಬ್ಯಾಟರಿ ಇರುವ ಗನ್ನಿನಲ್ಲಿ ಹಿಡಿಕೆಯ ಭಾಗಕ್ಕೆ ನೀರು ತಾಗಿಸಬೇಡಿ.

ಪ್ಲಾಸ್ಟಿಕ್ ಪೈಪು ಕೂತಲ್ಲಿಂದ ಲೀಕ್ ಆದರೆ ಅದರ ತುದಿಯನ್ನು ಚೂಪಾದ ಬ್ಲೇಡಿನಿಂದ ನೇರಕ್ಕೆ ಕತ್ತರಿಸಿ ಮತ್ತೆ ಕೂರಿಸಿ. ಓರೆಯಾಗಿ ಕತ್ತರಿಸಿದ ತುದಿ ಒಳಗಿನ ರಿಂಗನ್ನೇ ಸೀಳುತ್ತದೆ. ಥ್ರೆಡ್ಡಿನ ಜಾಗಕ್ಕೆ ಪ್ಲಂಬಿಂಗಿನ ಬಿಳಿ ಟೇಪ್ ಸುತ್ತುವ ಅಭ್ಯಾಸ ನಮ್ಮಲ್ಲಿ ಬಹಳ. ಅದರ ಎಳೆಗಳು ಹರಿದು ಗ್ಯಾಸಿನ ಜೊತೆ ಸಾಗಿ ರೆಗ್ಯುಲೇಟರಿನ ಸೀಟಿನ ಮೇಲೆ ಕೂರುತ್ತವೆ. ನೀಲಿ ಬಣ್ಣದ ಥ್ರೆಡ್ ಅಂಟನ್ನು, ಮೊದಲ ಎರಡು ಸುತ್ತು ಬಿಟ್ಟು, ಒಂದು ಹನಿ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ.

ಸದ್ದು ಬ್ಯಾರಲ್ ಒಳಗಿಂದ ಬರುತ್ತಿದ್ದರೆ? ಬ್ಯಾರಲ್ ಬಾಯಿಗೆ ಒಂದು ತೆಳ್ಳಗಿನ ಕಾಗದದ ಚೂರು ಹಿಡಿಯಿರಿ. ಅದು ಅಲುಗಾಡಿದರೆ ವಾಲ್ವಿನ ಕಪ್ ಸೀಲ್ ಪೂರ್ತಿ ಮುಚ್ಚುತ್ತಿಲ್ಲ. ಆದರೆ ಬಿಚ್ಚುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಹ್ಯಾಮರನ್ನು ಹಿಂದೆ ಎಳೆದು ಸಜ್ಜು ಮಾಡಿದ್ದೀರಾ? ಟಿಪ್‌ಮನ್ 98ರಂಥ ಗನ್ನುಗಳಲ್ಲಿ ಬಾಟಲಿ ಹಾಕುವ ಮೊದಲೇ ಹ್ಯಾಮರನ್ನು ಹಿಂದೆ ಸರಿಸುವ ಹಿಡಿಕೆ ಎಳೆಯಬೇಕು. ಇಲ್ಲದಿದ್ದರೆ ಹ್ಯಾಮರ್ ಸ್ಪ್ರಿಂಗಿನ ಬಲದಲ್ಲಿ ವಾಲ್ವನ್ನು ಒತ್ತಿ ಹಿಡಿದಿರುತ್ತದೆ, ಗ್ಯಾಸು ಬ್ಯಾರಲ್‌ನಿಂದ ಸುರಿದು ಹೋಗುತ್ತದೆ. ಕೆಟ್ಟಿದೆ ಎಂದು ತಂದುಕೊಟ್ಟ ಎಷ್ಟೋ ಗನ್ನುಗಳು ಹಿಡಿಕೆ ಎಳೆದ ಕೂಡಲೇ ಸುಮ್ಮನಾಗಿವೆ.

ನಾಲ್ಕನೆಯ ಹೆಜ್ಜೆ: ಕ್ರೋನೋ ಹೇಳುವುದನ್ನು ಕೇಳಿ

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇದು. ಕ್ರೋನೋಗ್ರಾಫ್ ಇರುವುದು ಮಿತಿ ದಾಟಿದವರನ್ನು ಹಿಡಿಯಲು ಮಾತ್ರ ಎಂದು ತಿಳಿಯಬೇಡಿ. ವೈದ್ಯರು ನಾಡಿ ಹಿಡಿದಂತೆ, ಗನ್ನಿನೊಳಗೆ ಏನಾಗುತ್ತಿದೆ ಎಂದು ಅದು ಸಂಖ್ಯೆಯಲ್ಲಿ ಹೇಳುತ್ತದೆ. ಕೇಳುವ ಕ್ರಮ ಗೊತ್ತಿರಬೇಕು.

ಮೊದಲು ಬಾಲ್ ಪರೀಕ್ಷೆ. ಬ್ಯಾರಲ್ ಬಿಚ್ಚಿ, ಹಿಂಬದಿಯಿಂದ ಒಂದು ಬಾಲ್ ಹಾಕಿ. ಅದು ತಾನಾಗಿ ಉರುಳಿ ಹೋಗದೆ ನಿಂತು, ಬಾಯಿಂದ ಊದಿದಾಗ ಪಕ್ಕನೆ ಹೊರಬಿದ್ದರೆ ಹೊಂದಾಣಿಕೆ ಸರಿ. ಉರುಳಿ ಹೋದರೆ ಗ್ಯಾಸು ಬಾಲಿನ ಪಕ್ಕದಿಂದ ತಪ್ಪಿಸಿಕೊಳ್ಳುತ್ತದೆ, ವೇಗ ಕಡಿಮೆ ಬರುತ್ತದೆ, ಅದಕ್ಕೆ ಒತ್ತಡ ಕಾರಣವಲ್ಲ. ಬಾಲಿನ ಹೊರಪದರ ಜೆಲಟಿನ್. ಮಳೆಗಾಲದಲ್ಲಿ ಚೀಲ ತೆರೆದಿಟ್ಟರೆ ತೇವ ಹೀರಿ ಊದುತ್ತದೆ, ಆಕಾರ ಕೆಡುತ್ತದೆ. ಜುಲೈ ತಿಂಗಳಲ್ಲಿ ಅಂಕಿಗಳು ಹುಚ್ಚಾಪಟ್ಟೆ ಕುಣಿದರೆ ನಾನು ಮೊದಲು ತೆರೆಯುವುದು ಹೊಸ ಬಾಲಿನ ಚೀಲವನ್ನು.

ಆಮೇಲೆ ಒಂದು ಪುಸ್ತಕ ಇಟ್ಟುಕೊಂಡು ಹೀಗೆ ಮಾಡಿ. ಎರಡು ಸೆಕೆಂಡಿಗೊಂದರಂತೆ ಹತ್ತು ಬಾಲ್ ಹೊಡೆದು ಅಂಕಿ ಬರೆದುಕೊಳ್ಳಿ. ಗನ್ನನ್ನು ಮೂರು ನಿಮಿಷ ಸುಮ್ಮನೆ ಇಡಿ. ಮತ್ತೆ ಒಂದು ಹೊಡೆದು ಬರೆಯಿರಿ. ಕೂಡಲೇ ಹತ್ತು ಬಾಲನ್ನು ಆದಷ್ಟು ಬೇಗ ಹೊಡೆದು ಕೊನೆಯ ಮೂರರ ಅಂಕಿ ಬರೆಯಿರಿ. ಇಷ್ಟೇ. ಈಗ ಸಾಲುಗಳನ್ನು ನೋಡಿ.

ಎಲ್ಲ ಅಂಕಿಯೂ ಒಂದೇ ಸಮ, ಆದರೆ ತಗ್ಗಿನಲ್ಲಿ, ಅಂದರೆ 240, 243, 238 ಎಂದು ಬಂದರೆ ಒಳ್ಳೆಯ ಸುದ್ದಿ. ಬರುವ ಒತ್ತಡವೇ ಕಡಿಮೆ ಇದೆ ಇಲ್ಲವೇ ಹ್ಯಾಮರಿನ ಸ್ಪ್ರಿಂಗ್ ಸೋತಿದೆ. ಒಳ್ಳೆಯ ಬಾಟಲಿ ಹಾಕಿದರೂ ಹಾಗೇ ಇದ್ದರೆ, ಆಗ ಮಾತ್ರ, ಸ್ಕ್ರೂ ತಿರುಗಿಸುವ ಮಾತು.

ನಿಧಾನಕ್ಕೆ ಹೊಡೆದಾಗ 280, ಬೇಗ ಹೊಡೆದಾಗ 270, 255, 240 ಎಂದು ಇಳಿಯುತ್ತಾ ಹೋದರೆ ಗ್ಯಾಸು ಖರ್ಚಾದಷ್ಟು ಬೇಗ ತುಂಬಿಕೊಳ್ಳುತ್ತಿಲ್ಲ. ಪಿನ್ನು, ಅರ್ಧ ತೆರೆದ ಆನ್-ಆಫ್ ಗುಂಡಿ, ಮಡಚಿದ ಪೈಪು, ಕಟ್ಟಿಕೊಂಡ ಫಿಲ್ಟರ್ ನೋಡಿ. ಕೆಲವು ರೆಗ್ಯುಲೇಟರುಗಳ ಬಾಯಲ್ಲಿ ಸಣ್ಣ ರಂಧ್ರಗಳ ಕಂಚಿನ ಫಿಲ್ಟರ್ ಇರುತ್ತದೆ, ಕಂಪ್ರೆಸರಿನ ತೇವ ಹೀರುವ ಹರಳಿನ ಪುಡಿ ಬಂದು ಅಲ್ಲೇ ಕೂರುತ್ತದೆ. ಕಾರ್ಬನ್ ಡೈಆಕ್ಸೈಡ್ ಆದರೆ ಇದು ತಂಪಿನ ಪರಿಣಾಮವೂ ಇರಬಹುದು. ದ್ರವ ಆವಿಯಾಗಲು ಬೇಕಾದ ಶಾಖವನ್ನು ಬಾಟಲಿಯಿಂದಲೇ ಎಳೆದುಕೊಳ್ಳುತ್ತದೆ, ಬಾಟಲಿ ಮೈಯೆಲ್ಲ ಮಂಜು ಕಟ್ಟುತ್ತದೆ, ಒತ್ತಡ ಕುಸಿಯುತ್ತದೆ.

ವಿಶ್ರಾಂತಿಯ ನಂತರದ ಮೊದಲ ಬಾಲ್ ಮಾತ್ರ ಕಡಿಮೆ, 250, ಆಮೇಲೆ 280, 281, 279 ಎಂದಾದರೆ ಒಳಗಿನ ರಿಂಗುಗಳು ಒಣಗಿ ಅಂಟಿಕೊಳ್ಳುತ್ತಿವೆ. ಬಾಲನ್ನು ಬ್ಯಾರಲ್‌ಗೆ ತಳ್ಳುವ ಬೋಲ್ಟ್ ತೆಗೆದು, ಹಳೆಯ ಗ್ರೀಸ್ ಒರೆಸಿ, ಆ ಗನ್ನಿನ ಕೈಪಿಡಿ ಹೇಳುವ ಗ್ರೀಸನ್ನು ತೆಳ್ಳಗೆ ಸವರಿದರೆ ಸರಿಹೋಗುತ್ತದೆ.

ಇದರ ತದ್ವಿರುದ್ಧ, ವಿಶ್ರಾಂತಿಯ ನಂತರದ ಮೊದಲ ಬಾಲ್ 315, ಆಮೇಲೆ 280 ಎಂದು ಬಂದರೆ ಗನ್ನನ್ನು ಕೆಳಗಿಡಿ. ಇದು ರೆಗ್ಯುಲೇಟರಿನ ತೆವಳಿಕೆ, ಈ ಪಟ್ಟಿಯಲ್ಲೆಲ್ಲ ಅತ್ಯಂತ ಅಪಾಯದ ದೋಷ. ಸಾಲಾಗಿ ಹೊಡೆದು ಪರೀಕ್ಷಿಸಿದರೆ ಇದು ಸಿಕ್ಕಿಬೀಳುವುದೇ ಇಲ್ಲ. ಆಟದಲ್ಲಿ ಹುಡುಗ ಡ್ರಮ್ಮಿನ ಹಿಂದೆ ಮೂರು ನಿಮಿಷ ಅಡಗಿ ಕೂತು, ಎದ್ದು, ಎದುರಿಗೆ ಬಂದವನಿಗೆ ಹೊಡೆಯುವ ಮೊದಲ ಬಾಲೇ ಆ 315ರದ್ದು.

ಐದನೆಯ ಹೆಜ್ಜೆ: ತೆವಳುವ ರೆಗ್ಯುಲೇಟರ್

ರೆಗ್ಯುಲೇಟರಿನೊಳಗೆ ಒಂದು ಪಿಸ್ಟನ್, ಸ್ಪ್ರಿಂಗ್ ವಾಶರುಗಳ ಸಾಲು, ಒಂದು ಸೀಟು. ಗನ್ನಿನ ಕಡೆ ಒತ್ತಡ ಕಡಿಮೆಯಾದಾಗ ಸ್ಪ್ರಿಂಗು ಪಿಸ್ಟನ್ನನ್ನು ಸರಿಸಿ ಗಾಳಿ ಬಿಡುತ್ತದೆ. ಒತ್ತಡ 800 ತಲುಪಿದಾಗ ಆ ಒತ್ತಡವೇ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ ಸೀಟಿಗೆ ಒತ್ತಿ ಬಾಗಿಲು ಮುಚ್ಚುತ್ತದೆ. ಸೀಟಿನ ಮೇಲೆ ಮರಳಿನ ಕಣವೊಂದು ಕೂತರೆ, ಟೇಪಿನ ಎಳೆ ಸಿಕ್ಕಿದರೆ, ಸೀಟು ಸವೆದು ಗುರುತು ಬಿದ್ದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. 4000ದ ಗಾಳಿ ಆ ಸಂದಿನಿಂದ ನುಸುಳುತ್ತಲೇ ಇರುತ್ತದೆ. 800 ಆದದ್ದು 850, 900, 1000 ಎಂದು ತೆವಳುತ್ತದೆ.

ಗೇಜ್ ಇರುವ ಪರೀಕ್ಷಕವನ್ನು ಬಾಟಲಿಗೆ ಹಾಕಿ ಹತ್ತು ನಿಮಿಷ ನೋಡುವುದು ಉತ್ತಮ ವಿಧಾನ. ಮುಳ್ಳು ಏರಿ ಒಂದೆಡೆ ನಿಂತು ಅಲ್ಲೇ ಇರಬೇಕು. ಗನ್ನಿನಲ್ಲೇ ಎರಡನೆಯ ರೆಗ್ಯುಲೇಟರ್ ಇದ್ದರೆ ಅದಕ್ಕೂ ಇದೇ ಪರೀಕ್ಷೆ.

ಗನ್ನಿನ ರೆಗ್ಯುಲೇಟರನ್ನು, ಗ್ಯಾಸು ಪೂರ್ತಿ ತೆಗೆದ ಮೇಲೆ, ಮನೆಯಲ್ಲೇ ಬಿಚ್ಚಿ ತೊಳೆಯಬಹುದು. ಪ್ರತಿ ತುಂಡು ಬಿಚ್ಚುವಾಗಲೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಸ್ಪ್ರಿಂಗ್ ವಾಶರುಗಳು ಯಾವುದು ಯಾವ ಕಡೆ ಮುಖ ಮಾಡಿತ್ತು ಎನ್ನುವುದು ಕಟ್ಟುನಿಟ್ಟು, ಒಂದು ತಿರುಗಿದರೂ ಬರುವ ಒತ್ತಡವೇ ಬದಲಾಗುತ್ತದೆ. ಸೀಟನ್ನು ಉಗುರಿನಿಂದ ಸವರಿ ನೋಡಿ. ಉಂಗುರದಂಥ ಗುಳಿ ಉಗುರಿಗೆ ತಾಗಿದರೆ ಹೊಸ ಸೀಟು. ಬಾಟಲಿಯ ರೆಗ್ಯುಲೇಟರ್ ಮಾತ್ರ ಬೇರೆ ಮಾತು. ಅದರ ಒಂದು ಬದಿಯಲ್ಲಿ ಸದಾ ಸಾವಿರಾರು ಪಿಎಸ್‌ಐ ಇರುತ್ತದೆ. ತರಬೇತಿ ಇಲ್ಲದೆ ಅದಕ್ಕೆ ಸ್ಪ್ಯಾನರ್ ಹಾಕಬೇಡಿ. ನಾನೂ ಹಾಕುವುದಿಲ್ಲ, ಕಳಿಸಿಕೊಡುತ್ತೇನೆ.

ಇಲ್ಲೇ ಎಣ್ಣೆಯ ಮಾತು ಹೇಳಿಬಿಡುತ್ತೇನೆ. ಬಾಟಲಿ ತುಂಬಿಸುವ ನಿಪ್ಪಲ್ಲಿಗೆ ಯಾವ ಎಣ್ಣೆಯನ್ನೂ, ಒಂದೇ ಹನಿಯನ್ನೂ ಹಾಕಬಾರದು. ಗಾಳಿ ಒಮ್ಮೆಲೇ ಒತ್ತಿಕೊಂಡಾಗ ಹುಟ್ಟುವ ಶಾಖಕ್ಕೆ ಎಣ್ಣೆ ಹೊತ್ತಿಕೊಳ್ಳಬಲ್ಲದು. ಡೀಸೆಲ್ ಎಂಜಿನ್ ನಡೆಯುವುದೇ ಈ ತತ್ವದಿಂದ. ಕೈಪಿಡಿ ಹೇಳಿದ್ದರೆ ಎಎಸ್‌ಎ ಕಡೆಯಿಂದ ಪೇಂಟ್‌ಬಾಲ್ ಎಣ್ಣೆ ನಾಲ್ಕು ಹನಿ ಬಿಡುವುದು ಸರಿ. ಹೊಲಿಗೆ ಯಂತ್ರದ ಎಣ್ಣೆ, ಡಬ್ಲ್ಯುಡಿ-40, ಕೊಬ್ಬರಿ ಎಣ್ಣೆ ಯಾವುದೂ ಬೇಡ.

ಕಾರ್ಬನ್ ಡೈಆಕ್ಸೈಡ್ ಮತ್ತು ಹವೆ

ಕೆನಡಾದಲ್ಲಿ ಓದುವ ನನ್ನ ತಂಗಿಯ ಮಗ ಒಂದು ನವೆಂಬರಿನಲ್ಲಿ ಫೋನ್ ಮಾಡಿದ್ದ. ‘ಮಾಮ, ಗನ್ನಿಗೆ ಶಕ್ತಿಯೇ ಇಲ್ಲ, ಬಾಲ್ ಮುಂದೆ ಹೋಗಿ ಬೀಳ್ತಿದೆ.’

‘ಹೊರಗೆ ಎಷ್ಟು ಚಳಿ ಇದೆಯೋ?’

‘ಸೊನ್ನೆ ಡಿಗ್ರಿ ಇರಬೇಕು.’

‘ಹಾಗಾದ್ರೆ ಏನೂ ಬಿಚ್ಚಬೇಡ. ಗಾಳಿ ಬಾಟಲಿ ಬಾಡಿಗೆಗೆ ಸಿಗುತ್ತಾ ಕೇಳು.’

ಲೆಕ್ಕ ಇಷ್ಟು: ಸೊನ್ನೆ ಡಿಗ್ರಿಯಲ್ಲಿ ಇದರ ಆವಿಯ ಒತ್ತಡ 500 ಪಿಎಸ್‌ಐ ಆಸುಪಾಸು, 20 ಡಿಗ್ರಿಯಲ್ಲಿ ಸುಮಾರು 830, 30 ಡಿಗ್ರಿಯಲ್ಲಿ 1000 ದಾಟುತ್ತದೆ. 31 ಡಿಗ್ರಿ ದಾಟಿದ ಮೇಲೆ ದ್ರವ ಮತ್ತು ಆವಿ ಎಂಬ ಭೇದವೇ ಅಳಿಸಿಹೋಗಿ, ಬಾಟಲಿ ಎಷ್ಟು ತುಂಬಿದೆ ಎನ್ನುವುದರ ಮೇಲೆ ಒತ್ತಡ ಏರುತ್ತದೆ. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಮಧ್ಯಾಹ್ನ 34 ಮುಟ್ಟುತ್ತದೆ, ಬಿಸಿಲಿಗಿಟ್ಟ ಬಾಟಲಿ ಇನ್ನೂ ಹೆಚ್ಚು ಕಾಯುತ್ತದೆ. ಬೆಳಿಗ್ಗೆ ಎಂಟಕ್ಕೆ 275ಕ್ಕೆ ಹೊಂದಿಸಿದ ಗನ್ನು ಮಧ್ಯಾಹ್ನ ಎರಡಕ್ಕೆ 300 ದಾಟಿದರೆ ಅದರಲ್ಲಿ ದೋಷವೇ ಇಲ್ಲ. ಇಂಥ ದಿನ ಪ್ರತಿ ಆಟಕ್ಕೂ ಮುನ್ನ ಕ್ರೋನೋ ಮಾಡಬೇಕು, ಬಾಟಲಿಗಳನ್ನು ನೆರಳಿನಲ್ಲಿಡಬೇಕು, ಕಾರಿನ ಡಿಕ್ಕಿಯಲ್ಲಿ ಬಿಡಬಾರದು. ತುಂಬಿಸುವುದು ಯಾವತ್ತೂ ತಕ್ಕಡಿಯ ಮೇಲೆ, ತೂಕಕ್ಕೆ: 20 ಔನ್ಸಿನ ಬಾಟಲಿಗೆ 567 ಗ್ರಾಂ, ಅದಕ್ಕಿಂತ ಒಂದು ಗ್ರಾಮೂ ಹೆಚ್ಚಲ್ಲ.

ಬ್ಯಾರಲ್‌ನಿಂದ ಬಿಳಿ ಹೊಗೆ ಬಂದು ಅಂಕಿ ಒಮ್ಮೆ 240, ಒಮ್ಮೆ 310 ಎಂದು ಹಾರಿದರೆ ದ್ರವವೇ ವಾಲ್ವಿಗೆ ನುಗ್ಗುತ್ತಿದೆ. ಗನ್ನಿನ ಮೂತಿ ಕೆಳಗೆ ಮಾಡಿ ಹೊಡೆದಾಗ ಬಾಟಲಿಯ ಹಿಂಬದಿ ಮೇಲೇಳುತ್ತದೆ, ದ್ರವ ವಾಲ್ವಿನ ಕಡೆ ಹರಿಯುತ್ತದೆ. ನಿಧಾನ ಹೊಡೆಯುವುದು, ಬಾಟಲಿಯ ವಾಲ್ವ್ ಕಡೆ ಮೇಲಿರುವಂತೆ ಹಿಡಿಯುವುದು, ಒಳಗೆ ಬಾಗಿದ ಕೊಳವೆ ಇರುವ ಬಾಟಲಿ ಬಳಸುವುದು ಪರಿಹಾರ. ಬ್ಯಾಟರಿ ಗನ್ನುಗಳಿಗೂ, 150 ಪಿಎಸ್‌ಐ ಆಸುಪಾಸಿನಲ್ಲಿ ಕೆಲಸ ಮಾಡುವ ನವಿರಾದ ಗನ್ನುಗಳಿಗೂ ಈ ಗ್ಯಾಸು ಹಾಕಬೇಡಿ.

ಆರನೆಯ ಹೆಜ್ಜೆ: ಟರ್ರ್ ಎಂದು ತಾನೇ ಹೊಡೆಯುವ ಗನ್ನು

ಟ್ರಿಗರ್ ಒಮ್ಮೆ ಒತ್ತಿದರೆ ಟರ್ರ್ ಎಂದು ನಾಲ್ಕೈದು ಸಲ ಬಡಿದುಕೊಳ್ಳುತ್ತದೆ, ಬಾಲ್‌ಗಳು ಎರಡಡಿ ಮುಂದೆ ಬೀಳುತ್ತವೆ. ಹುಡುಗರಿಗೆ ಖುಷಿ, ಮೆಷಿನ್ ಗನ್ ಆಯಿತು ಎಂದು. ಮೇಲೆ ಹೇಳಿದ ಎರಡು ಪಾಲಿನ ಲೆಕ್ಕ ಇಲ್ಲಿದೆ. ಹ್ಯಾಮರನ್ನು ಹಿಂದಕ್ಕೆ ತಳ್ಳುವ ಪಾಲು ಸಾಲದೆ, ಅದು ಕೊಕ್ಕೆಗೆ ಸಿಕ್ಕಿಕೊಳ್ಳುವಷ್ಟು ಹಿಂದೆ ಹೋಗುತ್ತಿಲ್ಲ. ಅರ್ಧಕ್ಕೇ ಮರಳಿ ವಾಲ್ವಿಗೆ ಬಡಿಯುತ್ತದೆ, ಮತ್ತೆ ಅರ್ಧಕ್ಕೆ, ಮತ್ತೆ.

ಮೊದಲು ಬಾಟಲಿಯ ಗೇಜ್ ನೋಡಿ, ಬಹಳ ಸಲ ಬಾಟಲಿ ಮುಗಿದಿರುತ್ತದೆ. ತುಂಬಿದ ಬಾಟಲಿಯಲ್ಲೂ ಹಾಗೇ ಆದರೆ ಹ್ಯಾಮರಿನ ಸುತ್ತ ಇರುವ ಓ-ರಿಂಗ್ ಸವೆದು ಗ್ಯಾಸು ಪಕ್ಕದಿಂದ ಜಾರುತ್ತಿದೆ. ಒಂದು ರಿಂಗು, ಸ್ವಲ್ಪ ಎಣ್ಣೆ, ಕೆಲಸ ಮುಗಿಯಿತು. ರಿಂಗೂ ಹೊಸದಾಗಿದ್ದರೆ ಕೊಕ್ಕೆಯ ಅಂಚು ದುಂಡಗಾಗಿದೆಯೇ ನೋಡಿ. ಅದನ್ನು ಅರದಿಂದ ಉಜ್ಜಿ ಚೂಪು ಮಾಡಲು ಹೋಗಬೇಡಿ, ಬದಲಾಯಿಸಿ.

ಕಪ್ ಸೀಲ್ ಬದಲಾಯಿಸಬೇಕಾದರೆ ಗನ್ನಿನ ಎರಡು ಹೋಳನ್ನು ಬಿಚ್ಚಬೇಕಾಗುತ್ತದೆ. ಬಿಳಿ ಟವೆಲ್ಲಿನ ಮೇಲೆ ಇಟ್ಟು ಬಿಚ್ಚಿ. ಟ್ರಿಗರ್ ಹತ್ತಿರದ ಪುಟ್ಟ ಸ್ಪ್ರಿಂಗು ಹಾರಿ ಕಪ್ಪು ನೆಲದಲ್ಲಿ ಕಾಣೆಯಾದರೆ ಆ ದಿನದ ಆಟ ಮುಗಿದಂತೆ. ಹಳೆಯ ಸೀಲಿನ ಮುಖದಲ್ಲಿ ಉಂಗುರದ ಗುರುತು ಸಮವಾಗಿದ್ದು ಒಂದೆಡೆ ಮಾತ್ರ ಸೀಳಿದ್ದರೆ ಕಸ ಬಂದಿದೆ ಎಂದರ್ಥ. ಹೊಸದು ಹಾಕುವ ಮೊದಲು ಆ ಕಸ ಎಲ್ಲಿಂದ ಬಂತೆಂದು ಹಿಂದಕ್ಕೆ ಹುಡುಕಿ.

ಕೊನೆಗೆ, ಸ್ಕ್ರೂ

ಲೀಕ್ ನಿಂತಿದೆ, ರೆಗ್ಯುಲೇಟರ್ ಒಂದೆಡೆ ನಿಲ್ಲುತ್ತಿದೆ, ಹತ್ತು ಬಾಲಿನ ಅಂಕಿಗಳು ಹತ್ತರ ಅಂತರದೊಳಗೆ ಇವೆ. ಈಗ ಅಲೆನ್ ಕೀ ತೆಗೆದುಕೊಳ್ಳಿ. ಟಿಪ್‌ಮನ್ 98ರಲ್ಲಿ ಸ್ಕ್ರೂ ಒಳಕ್ಕೆ ಹೋದರೆ ವೇಗ ಇಳಿಯುತ್ತದೆ, ಹೊರಕ್ಕೆ ಬಂದರೆ ಏರುತ್ತದೆ. ಬೇರೆ ಗನ್ನುಗಳಲ್ಲಿ ಇದು ಉಲ್ಟಾ ಇರಬಹುದು, ಕೈಪಿಡಿ ನೋಡಿ. ಕಾಲು ಸುತ್ತು ತಿರುಗಿಸಿ, ಎರಡು ಬಾಲ್ ಹೊಡೆದು ಬಿಡಿ, ಮೂರನೆಯದರ ಅಂಕಿ ಓದಿ. 270 ಮತ್ತು 280ರ ನಡುವೆ ನಿಲ್ಲಿಸಿ.

ಆಮೇಲೆ ಗನ್ನನ್ನು ಗ್ಯಾಸಿನ ಸಮೇತ ಐದು ನಿಮಿಷ ಮೇಜಿನ ಮೇಲೆ ಬಿಟ್ಟು ಮತ್ತೊಮ್ಮೆ ಹೊಡೆಯುತ್ತೇನೆ. ಆ ಒಂದು ಅಂಕಿಯನ್ನು ಗನ್ನಿನ ಸಂಖ್ಯೆ, ಬಾಟಲಿಯ ಸಂಖ್ಯೆ, ತಾರೀಖಿನ ಜೊತೆ ಪುಸ್ತಕದಲ್ಲಿ ಬರೆಯುತ್ತೇನೆ. ಅದು 290 ದಾಟದಿದ್ದರೆ ಬ್ಯಾರಲ್‌ಗೆ ಚೀಲ ತೊಡಿಸಿ ಆಟಗಾರನ ಕೈಗೆ ಕೊಡುತ್ತೇನೆ. ದಾಟಿದರೆ ಗನ್ನು ಮರಳಿ ಮೇಜಿನ ಮೇಲೆ, ಬಾಟಲಿ ಅದಲುಬದಲಿನಿಂದ ಮತ್ತೆ ಶುರು.